ಎಡದಿಂದ ಹೊಡೆದ ಬೆಣೆ

ಮಾವಿನಕುರ್ವೆಯ ಈ ಮನೆಗೆ ನಾನು ಬಂದದ್ದು
ಒಂದು ಕಂಬದ ಬುಡಕ್ಕಾಗಿ.
ಗೆದ್ದಲು ಮೊಣಕಾಲೆತ್ತರಕ್ಕೆ ಏರಿ
ಅಲ್ಲಿಂದ ಮೇಲೆ ಹಲ್ಲು ತಾಗದೆ ವಾಪಸಾಗಿತ್ತು.
ಮತ್ತಿಯ ಕೆಚ್ಚು.

ಕಟ್ಟಿದವನು ದುಗ್ಗಪ್ಪ ಮೇಸ್ತ.
ಅದಕ್ಕೆ ಮೊದಲು ಅವನು ಕಟ್ಟಿದ್ದು ದೋಣಿ ಮಾತ್ರ
ಅಂತ ಊರು ಹೇಳುತ್ತದೆ, ಮನೆಯೂ ಹೇಳುತ್ತದೆ:
ಅಟ್ಟ ಹತ್ತಿ ತಲೆಯೆತ್ತಿದರೆ
ಬೋರಲು ಹಾಕಿದ ಮಚವೆ,
ಪಕಾಸಿಗಳೆಲ್ಲ ಅದರ ಪಕ್ಕೆಲುಬು.
ಹಲಗೆಯ ಸಂದಿಗೆ ನಾರು ತುರುಕಿ ಮೀನೆಣ್ಣೆ ಸವರಿದ್ದಾನೆ ಪುಣ್ಯಾತ್ಮ,
ಮನೆಗೆ ಒಂದು ದಿನ ತೇಲಲಿಕ್ಕಿದೆ ಎಂಬಂತೆ.

ಒಂದು ಮೊಳೆ ಇಲ್ಲ.
ತೊಲೆಯ ನಾಲಿಗೆ ಕಂಬದ ಬಾಯಲ್ಲಿ,
ಎರಡನ್ನೂ ತೂರಿ ಒಂದು ಬೆಣೆ.
ಬೆಣೆ ಹುಣಸೆಯದು. ಒಣಗಿದಷ್ಟೂ ಹಿಡಿಯುತ್ತದೆ,
ದಾಯಾದಿ ಜಗಳದ ಹಾಗೆ.

ಮನೆ ಜಾಕಿನ ಮೇಲೆ ಕೂತಿದೆ,
ಒಳಗೆ ಅಣ್ಣತಮ್ಮಂದಿರ ಎರಡು ಒಲೆಯಲ್ಲಿ ಎರಡು ಸಾರು.
ಏಳರ ಮಗ್ಗಿ ಒಪ್ಪಿಸುವ ಹುಡುಗ
ನನ್ನ ಉಳಿಯ ಪೆಟ್ಟಿಗೆ ತಾಳ ಸೇರಿಸುತ್ತಾನೆ.
'ಕಂಬ ಬಿಚ್ಚಿದೆ, ಈ ಕಡೆ ಬರಬೇಡಿ' ಎಂದರೆ
'ಆಯ್ತು' ಎನ್ನುತ್ತ ಅದೇ ಕಡೆ ಹಾದುಹೋಗುತ್ತಾರೆ.

ಬ್ಯಾಟರಿಯನ್ನು ಮರಕ್ಕೆ ಒರಗಿಸಿ ಹಿಡಿದೆ.
ಅಡ್ಡ ಬೆಳಕಿಗಷ್ಟೇ ಕಾಣುತ್ತದೆ ಬಾಚಿಯ ಗುರುತು,
ಮೀನಿನ ಹುರುಪೆಯಂತೆ ಸಾಲು ಸಾಲು.
ಜಗಲಿಯ ಕಂಬ, ನಡುಮನೆಯ ಕಂಬ, ಬಾಗಿಲ ದಾರಂದ:
ಹುರುಪೆಯೆಲ್ಲ ಬಲಕ್ಕೆ ವಾಲಿದೆ.
ಬಡಗಣ ಕೋಣೆಯ ಆರು ಕಂಬ:
ಎಡಕ್ಕೆ.

ಬೆಣೆಯೂ ಎಡದಿಂದ ಹೊಡೆದದ್ದು.
ನಲವತ್ತು ವರ್ಷ ಕೊಡತಿ ಹಿಡಿದವನು, ಇಷ್ಟು ಓದಬಲ್ಲೆ;
ಉಳಿದ ಅಕ್ಷರ ಅಷ್ಟಕ್ಕಷ್ಟೆ.
ಈ ಆರು ದುಗ್ಗಪ್ಪ ಕೆತ್ತಿದ್ದಲ್ಲ.

ಆಳು ಇರಬಹುದು. ತಮ್ಮ ಇರಬಹುದು.
ಮಧ್ಯಾಹ್ನ ಬಳಚು ಮಾರಲು ಬಂದ ಸೋಮಿ ಖಾರ್ವಿ
ಬುಟ್ಟಿ ಇಳಿಸಿ, ಎಲೆಗೆ ಸುಣ್ಣ ಹಚ್ಚುತ್ತ ಹೇಳಿದಳು:
'ದುಗ್ಗಪ್ಪಂಗೆ ಮೂರು ಬೆರಳು ಹೋಗಿ
ಮನೆ ಅರ್ಧಕ್ಕೇ ನಿಂತಿತ್ತಂತೆ.
ಹೆಂಡ್ತಿ ಮಾದೇವಿ ಎಡಚಿ.
ಎಡಗೈಲಿ ಉಂಡು ಅತ್ತೆ ಹತ್ರ ಪೆಟ್ಟು ತಿಂದವಳು.
ಆ ವರ್ಷ ರಾತ್ರಿಯೆಲ್ಲ ಬಾಗ್ಲು ಹಾಕ್ಕಂಡು
ಟಕ್ ಟಕ್ ಅಂತ ಶಬ್ದ ಬರ್ತಿತ್ತು ಅಂತ ನಮ್ಮಜ್ಜಿ ಹೇಳ್ತಿತ್ತು.
ನಾವು ಕಂಡದ್ದಲ್ಲ ಮಾರಾಯ.
ಎಷ್ಟು ಸೇರು ಕೊಡ್ಲಿ?'

ಹೆಂಗಸು ಉಳಿ ಮುಟ್ಟಿದರೆ ಅಲಗು ಮೊಂಡಾಗುತ್ತದೆ
ಎನ್ನುತ್ತಿದ್ದ ನನ್ನಪ್ಪ.
ನಾನೂ ಅಂದಿದ್ದೇನೆ, ಮನೆಯಲ್ಲಿ, ಒಂದೆರಡು ಸಲ.
ಎದ್ದು ಹೋಗಿ ಸಂದು ಸವರಿ ನೋಡಿದೆ.
ಜಗಲಿಯ ಕಡೆ ಬೀಡಿಯ ಎಲೆ ತೂರುತ್ತದೆ,
ಇಲ್ಲಿ ಕೂದಲೂ ಇಲ್ಲ.

ಹಾಳಾದಷ್ಟನ್ನು ಕೊಯ್ದು ತೆಗೆದು
ಹಳೆಯದರ ಬಾಯಿಗೆ ಹೊಸದರ ನಾಲಿಗೆ ಕೂಡಿಸಿದೆ.
ಮೇಲಿನ ಬೆಣೆ ಮಾತ್ರ ಬಲದಿಂದ ಹೋಗಲೊಲ್ಲದು.
ಆ ತೂತೇ ಹಾಗೆ, ಒಂದೆಳೆ ಓರೆ,
ಬರುವ ಕೈ ಯಾವುದೆಂದು ಗೊತ್ತಿದ್ದು ಕೊರೆದದ್ದು.

ಕೊಡತಿಯನ್ನು ಎಡಗೈಗೆ ದಾಟಿಸಿದೆ.
ಮೊದಲ ಪೆಟ್ಟು ಹೆಬ್ಬೆರಳಿಗೆ.
ಏಳಾರಲ ನಲವತ್ತೆರಡಕ್ಕೆ ನಿಂತು ಹುಡುಗ ನಕ್ಕ.
ಎರಡನೆಯದು ಗಾಳಿಗೆ.
ಮೂರಕ್ಕೋ ನಾಲ್ಕಕ್ಕೋ ಬೆಣೆ ಅರ್ಧ ಇಂಚು ಒಳಸೇರಿ
ದನಿ ಬದಲಿಸಿತು.

ಸಂಜೆ ಜಾಕು ಇಳಿಸಿದೆವು.
ಮನೆ ಒಮ್ಮೆ ಕಿರ್ರೆಂದು ಕೂತಿತು,
ಹೊಟ್ಟೆಗೆ ಮರಳು ತಾಗಿದ ದೋಣಿಯಂತೆ.
ಒಲೆಯ ಮೇಲೆ ಒಂದು ಮುಚ್ಚಳ ಅಲುಗಿತು, ಅಷ್ಟೆ.

ಲೆಕ್ಕದ ಚೀಟಿ ಬರೆದುಕೊಟ್ಟೆ:
ಕಂಬದ ಬುಡ ಒಂದು, ಬೆಣೆ ಎರಡು, ಕೂಲಿ ಮೂರು ದಿನ.
ಬಲ ಹೆಬ್ಬೆರಳು ಊದಿದ್ದರಿಂದ
ಅಕ್ಷರವೆಲ್ಲ ಎಡಕ್ಕೆ ವಾಲಿತ್ತು.